ಮಾಮನ ಎದೆನೋವು, ತಂಗಿಯ ಎದೆನೋವು

ಆ ದಿನ ನನ್ನ ಕೋಣೆಯ ಬಾಗಿಲಿಗೆ ಎದೆನೋವಿನವರು ಇಬ್ಬರು ಬಂದಿದ್ದರು. ಒಬ್ಬರನ್ನು ಒಳಗೆ ಕರೆದು, ಮಲಗಿಸಿ, ಇಸಿಜಿ ತೆಗೆದೆ. ಇನ್ನೊಬ್ಬಳು ಹೊರಗೆ ಬೆಂಚಿನ ಮೇಲೆ ಚೀಲ ಹಿಡಿದುಕೊಂಡು ಕೂತಿದ್ದಳು. ಒಳಗೆ ಮಲಗಿದವರು ನನ್ನ ಸೋದರಮಾವ. ಹೊರಗೆ ಕೂತವಳು ಅವರ ಹೆಂಡತಿ, ನನ್ನ ಒಡಹುಟ್ಟಿದ ತಂಗಿ.

ಕುಷ್ಟಗಿಯ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಹದಿನೈದು ವರ್ಷಗಳಿಂದ ಇಸಿಜಿ ತೆಗೆಯುತ್ತಿದ್ದೇನೆ. ಕಿಟಕಿಗೆ ಹಸಿರು ಪರದೆ ಹಾಕಿದ ಚಿಕ್ಕ ಕೋಣೆ, ಒಂದು ಮಂಚ, ಒಂದು ಮಷೀನು. ಕೈಕಾಲಿಗೆ ನಾಲ್ಕು ಕ್ಲಿಪ್ಪು, ಎದೆಗೆ ಹೀರಿಕೊಂಡು ಅಂಟುವ ಆರು ರಬ್ಬರು ಬಟ್ಟಲು. ಹೆಣ್ಣುಮಕ್ಕಳು ಕುಪ್ಪಸದ ಗುಂಡಿ ಬಿಚ್ಚಲು ನಾಚುತ್ತಾರೆ, ಮುಖ ಗೋಡೆಗೆ ತಿರುಗಿಸುತ್ತಾರೆ. "ನಾನೂ ಹೆಂಗಸ ಅದೀನಿ, ನಾಚಬ್ಯಾಡವಾ" ಎಂದು ದಿನಕ್ಕೆ ಎಷ್ಟು ಸಲ ಹೇಳುತ್ತೇನೋ ಲೆಕ್ಕವಿಲ್ಲ. ಕಾಗದದ ಮೇಲೆ ಬರುವ ಗೆರೆಗಳನ್ನು ಓದುವುದು ಡಾಕ್ಟರ ಕೆಲಸ. ಆದರೆ ಇಷ್ಟು ವರ್ಷ ನೋಡಿದ ಕಣ್ಣಿಗೆ ಕೆಟ್ಟ ಗೆರೆ ಯಾವುದೆಂದು ತಿಳಿಯದೆ ಇರುವುದಿಲ್ಲ.

ನಮ್ಮ ತವರು ಆನೆಗೊಂದಿ. ನದಿಯ ಪಕ್ಕದ ಭತ್ತ, ಬಾಳೆ ನೋಡಿಕೊಂಡು ಬೆಳೆದವರು ನಾವು. ಅವ್ವನ ತವರು ಮಾತ್ರ ಯಲಬುರ್ಗಾ ಕಡೆಯ ಒಣಭೂಮಿ. ಅವ್ವನಿಗೆ ಒಬ್ಬನೇ ತಮ್ಮ. ಅವನಿಗೆ ತನ್ನ ಎರಡನೇ ಮಗಳನ್ನು ಕೊಡಬೇಕೆಂದು ಆಕೆ ನಮ್ಮ ತಂಗಿ ಫ್ರಾಕ್ ಹಾಕುವಾಗಲೇ ಗಟ್ಟಿ ಮಾಡಿದ್ದಳು. ತಂಗಿಗೆ ಹದಿನೆಂಟು ತುಂಬಿದ ವರ್ಷ ಮದುವೆಯಾಯಿತು. ಮಾಮ ಅವಳಿಗಿಂತ ಹದಿಮೂರು ವರ್ಷ ದೊಡ್ಡವರು. ಅನ್ನ ಉಂಡು ಬೆಳೆದ ಹುಡುಗಿ ರೊಟ್ಟಿ ಬಡಿಯುವ ಮನೆಗೆ ಹೋದಳು. ಮೊದಲ ವರ್ಷ ಅವಳ ರೊಟ್ಟಿ ತವೆಯ ಮೇಲೆ ಎರಡು ತುಂಡಾಗುತ್ತಿತ್ತಂತೆ. ಆಮೇಲೆ ಅವಳೇ ಆ ಹಳ್ಳಿಗೆಲ್ಲ ಹಿಟ್ಟು ಬೀಸಿಕೊಡುವವಳಾದಳು. ಮಾಮನದು ಹಿಟ್ಟಿನ ಗಿರಣಿ, ಜೊತೆಗೆ ಖಾರ ಕುಟ್ಟುವ ಒಂದು ಮಷೀನು. ಮಾಮ ಹೊಲಕ್ಕೆ ಹೋದರೆ ಗಿರಣಿ ಅವಳದು. ಜೋಳದ ಡಬ್ಬಿ ಎತ್ತಿ ಸುರಿಯುವುದು, ಬೆಲ್ಟು ಜಾರಿದರೆ ಕೂರಿಸುವುದು, ಹಿಟ್ಟಿನ ನುಣುಪನ್ನು ಬೆರಳಲ್ಲಿ ಉಜ್ಜಿ ನೋಡುವುದು, ಎಲ್ಲ ಮಾಡುತ್ತಿದ್ದಳು. ಸಂಜೆ ಹೊತ್ತಿಗೆ ಹುಬ್ಬೆಲ್ಲ ಬೆಳ್ಳಗಾಗಿರುತ್ತಿತ್ತು. ನಾನು ಹೋದಾಗ ಹಾಗೇ ಬಂದು ಅಪ್ಪಿಕೊಂಡು ನನ್ನ ಸೀರೆಗೂ ಹಿಟ್ಟು ಮೆತ್ತಿ ನಗುತ್ತಿದ್ದಳು.

ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಕೊಪ್ಪಳದ ಹಾಸ್ಟೆಲ್ಲಿನಲ್ಲಿದ್ದು ಪಿಯುಸಿ ಓದುತ್ತಿದ್ದಳು, ಚಿಕ್ಕವಳು ಊರ ಸಾಲೆಯಲ್ಲಿ ಒಂಬತ್ತನೇ ತರಗತಿ.

ಅದು ಮಾರ್ಚ್ ಕೊನೆಯ ವಾರ. ಮನೆಮನೆಯವರೂ ವರ್ಷದ ಖಾರಪುಡಿ ಮಾಡಿಸುವ ಕಾಲ. ಬೆಳಿಗ್ಗೆ ಒಂಬತ್ತಕ್ಕೆ ಮಾಮನ ನಂಬರಿನಿಂದ ಫೋನ್ ಬಂತು. ಮಾತಾಡಿದವಳು ತಂಗಿ.

"ಯಕ್ಕಾ, ನಿಮ್ಮ ಮಾಮಾ ಎದಿ ಹಿಡಕೊಂಡು ಕುಂತಾರ. ಬೆವರು ಸುರಿಯಾಕತ್ತೈತಿ. ಬಾಜೂ ಮನಿಯವರ ಕಾರಿನಾಗ ಬರಾಕತ್ತೀವಿ."

"ಲಗೂನ ಬರ್ರಿ, ಹಾದ್ಯಾಗ ಎಲ್ಲೂ ನಿಲ್ಲಬ್ಯಾಡ್ರಿ" ಎಂದೆ. ಡಾಕ್ಟರಿಗೆ ಓಡಿ ಹೇಳಿದೆ. ಮಂಚದ ಬೆಡ್‌ಶೀಟು ಬದಲಿಸಿ, ಮಷೀನಿಗೆ ಹೊಸ ಕಾಗದ ಹಾಕಿಟ್ಟೆ. ಅವ್ವನಿಗೆ ಯಾರು ಹೇಳಿದರೋ, ಅವರು ಬಂದು ಮುಟ್ಟುವ ಮೊದಲೇ ಆನೆಗೊಂದಿಯಿಂದ ಫೋನು. "ನನ್ನ ತಮ್ಮನ್ನ ಉಳಿಸವಾ. ಒಬ್ಬಾಂವ ಅದಾನ ನನಗ" ಎಂದು ಅತ್ತಳು.

ಕಾರು ಬಂದಾಗ ಗಾಲಿಕುರ್ಚಿ ಬಾಗಿಲಲ್ಲೇ ಇತ್ತು. ಮಾಮನನ್ನು ಕೂರಿಸಿ ನೂಕಿಕೊಂಡು ಓಡಿದೆವು. ನಲವತ್ತೊಂಬತ್ತು ವರ್ಷದ ಗಂಡಸು, ಬೀಡಿ ಸೇದುವವರು, ಎದೆ ಹಿಡಿದುಕೊಂಡಿದ್ದಾರೆ. ಯಾರಿಗೂ ಎರಡನೇ ಯೋಚನೆ ಬರಲಿಲ್ಲ. ಇಸಿಜಿ ತೆಗೆದೆ, ಸರಿಯಾಗಿತ್ತು. ರಕ್ತ ತೆಗೆದು ಹೃದಯದ ಪರೀಕ್ಷೆಗೆ ಕಳಿಸಿದರು, ಅದೂ ಸರಿ. ಆದರೂ ಡಾಕ್ಟರು ಬಿಡಲಿಲ್ಲ. ಮೂರು ತಾಸಿನ ನಂತರ ಎರಡನೇ ಇಸಿಜಿ, ಎರಡನೇ ರಕ್ತಪರೀಕ್ಷೆ. ನಾಳೆ ಕೊಪ್ಪಳಕ್ಕೆ ಹೋಗಿ ಹೃದಯದ ಎಕೋ ಸ್ಕ್ಯಾನ್ ಮಾಡಿಸಿಕೊಂಡು ಬರಲು ಚೀಟಿಯನ್ನೂ ಬರೆದುಕೊಟ್ಟರು. ನಮ್ಮ ಡಾಕ್ಟರು ಒಳ್ಳೆಯವರು, ಕೆಲಸದಲ್ಲಿ ಉದಾಸೀನ ಮಾಡುವವರಲ್ಲ. ಇದನ್ನು ಹೇಳಲೇಬೇಕು.

ಮಧ್ಯಾಹ್ನ ಒಂದರ ಸುಮಾರಿಗೆ ವಾರ್ಡಿನ ಹಾಸಿಗೆಯಲ್ಲಿ ಮಾಮನಿಗೆ ನೋವು ಇಳಿದು ನಿದ್ದೆ ಹತ್ತಿತು. ನಾನು ಹೊರಗೆ ಬಂದೆ. ತಂಗಿ ಅದೇ ಬೆಂಚಿನ ಮೇಲಿದ್ದಳು. ತೊಡೆಯ ಮೇಲೆ ಪ್ಲಾಸ್ಟಿಕ್ ಬುಟ್ಟಿಚೀಲ, ಅದರಲ್ಲಿ ಮಾಮನ ಟವೆಲ್ಲು, ಲುಂಗಿ, ನೀರಿನ ಬಾಟಲಿ. ಮೇಲ್ತುಟಿಯ ಮೇಲೆ ಬೆವರು. ಮುಖ ಬಾಡಿತ್ತು. ಫ್ಯಾನು ಅವಳ ತಲೆಯ ಮೇಲೆಯೇ ತಿರುಗುತ್ತಿತ್ತು.

"ಏನಾತು? ಊಟ ಮಾಡಿಲ್ಲೇನು?" ಎಂದೆ.

"ಊಟ ಸೇರವಲ್ದು. ಯಕ್ಕಾ, ನನಗೂ ನಾಕ ದಿನದಿಂದ ಒಂಥರಾ ಆಗಾಕತ್ತೈತಿ." ಅವಳು ಕೈಯನ್ನು ಎಡಗಡೆ ಎದೆಯ ಮೇಲೆ ಇಡಲಿಲ್ಲ. ಗಂಟಲ ಕೆಳಗೆ ಇಟ್ಟಳು, ಆಮೇಲೆ ದವಡೆ ಮುಟ್ಟಿಕೊಂಡಳು. "ಇಲ್ಲಿ ಬಿಗಿದಂಗ ಆಗತೈತಿ. ಇಲ್ಲಿತನಕ ಬರತೈತಿ. ಬೆನ್ನಾಗೂ ಹಿಡೀತೈತಿ. ಡಬ್ಬಿ ಎತ್ತಿದ್ರ ಜಾಸ್ತಿ. ಕುಂತು ಸುಧಾರಿಸಿಕೊಂಡ್ರ ಹೋಗತೈತಿ."

"ಖಾರದ ಘಾಟು ಕುಡದೀದಿ ನೀನು. ಈ ತಿಂಗಳು ದಿನಾ ಕೆಮ್ಮತಿ ಅಲ್ಲಾ?"

"ಹಂಗಂತೀಯಾ?"

"ಮತ್ತ? ಮ್ಯಾಲೆ ಮುಂಜಾನಿಂದ ಗಾಬರಿ ಬ್ಯಾರೆ. ಹೊಟ್ಟ್ಯಾಗ ಏನೂ ಇಲ್ಲ. ಗ್ಯಾಸ ಆಗಿರತೈತಿ."

ಅವಳು ತಲೆಯಾಡಿಸಿದಳು. ಅಷ್ಟರಲ್ಲಿ ಡಾಕ್ಟರು ಕೈ ಒರೆಸಿಕೊಳ್ಳುತ್ತ ಆ ಕಡೆ ಬಂದರು. ನಾನು ಸುಮ್ಮನಿರಲಿಲ್ಲ, ಹೇಳಿದೆ. ಆದರೆ ಹೇಳಿದ ರೀತಿ ಹೇಗಿತ್ತೆಂದರೆ, ನಗುತ್ತಾ ಹೇಳಿದೆ. "ಸರ್, ನಮ್ಮ ತಂಗಿಗೂ ಎದಿ ನೋಯಾಕತ್ತೈತಂತ ನೋಡ್ರಿ."

"ವಯಸ್ಸೆಷ್ಟವಾ?" ಎಂದರು ಅವರು.

"ಮೂವತ್ತಾರ್ರಿ."

"ಗಂಡಗ ನೋವು ಬಂದ್ರ ಹೇಂತಿಗೂ ಬರಲೇಬೇಕೇನವಾ? ಇದಕ್ಕಂತಾರ ನೋಡು ಜೋಡಿ ಅಂತ." ಡಾಕ್ಟರು ನಕ್ಕರು, ನಾನು ನಕ್ಕೆ, ತಂಗಿಯೂ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. ಗ್ಯಾಸಿನ ಗುಳಿಗೆ ಕೊಡಲು ನರ್ಸಿಗೆ ಹೇಳಿ ಅವರು ಮುಂದಿನ ಪೇಷಂಟ್ ನೋಡಲು ಹೋದರು. ತಂಗಿ ಗುಳಿಗೆ ನುಂಗಿದಳು. ನಾನು ಎದುರಿನ ಅಂಗಡಿಯಿಂದ ನಿಂಬೆ ಸೋಡಾ ತರಿಸಿ ಕುಡಿಸಿದೆ. "ಈಗ ಸ್ವಲ್ಪ ಹಗೂರ ಆತು" ಎಂದಳು. ನಿಜವಾಗಿಯೂ ಹಗುರಾಗಿತ್ತೋ, ನನ್ನ ಸಮಾಧಾನಕ್ಕೆ ಹೇಳಿದಳೋ ಗೊತ್ತಿಲ್ಲ.

ನನ್ನ ಕೋಣೆಗೂ ಆ ಬೆಂಚಿಗೂ ಆರು ಹೆಜ್ಜೆ. ಆ ಹೊತ್ತಿನಲ್ಲಿ ಮಂಚ ಖಾಲಿಯಿತ್ತು.

ಸಂಜೆ ಮಾಮನನ್ನು ಮನೆಗೆ ಕಳಿಸಿದರು. ಮರುದಿನ ಕೊಪ್ಪಳದ ಎಕೋದಲ್ಲೂ ಏನೂ ಬರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಿದ್ದಂತಿದೆ, ಬೀಡಿ ಬಿಡಬೇಕು, ಒಂದು ವಾರ ವಿಶ್ರಾಂತಿ ಎಂದರು. ಅವ್ವ ಆನೆಗೊಂದಿಯ ಗುಡ್ಡದ ಹನುಮಪ್ಪನಿಗೆ ಕಾಯಿ ಒಡೆಸಿದಳು. ನಮಗೆಲ್ಲ ದೊಡ್ಡ ಗಂಡಾಂತರ ಕಳೆಯಿತು ಎನ್ನಿಸಿತು.

ಮಾಮನಿಗೆ ವಿಶ್ರಾಂತಿ ಎಂದರೆ ಗಿರಣಿ ಪೂರ್ತಿ ತಂಗಿಯ ಮೇಲೆ ಬಂತು. ಎರಡು ದಿನ ನಿಂತಿದ್ದ ಗಿರಣಿಯ ಮುಂದೆ ಡಬ್ಬಿಗಳು ಸಾಲುಗಟ್ಟಿದ್ದವು. ಮೆಣಸಿನಕಾಯಿ ಒಣಗಿಸಿ ಹುರಿದು ತಂದವರು ವಾಪಸು ಒಯ್ಯಲು ಒಪ್ಪುವುದಿಲ್ಲ. ಒಂದು ದಿನ ಪೂರ್ತಿ ನಡೆಸಿದಳು. ಅದರ ಮರುದಿನ, ಅಂದರೆ ಮಾಮನನ್ನು ಕರೆತಂದ ನಾಲ್ಕನೇ ದಿನ, ಮಧ್ಯಾಹ್ನ ಹನ್ನೆರಡಕ್ಕೆ ನನಗೆ ಫೋನ್ ಮಾಡಿದಳು. ಹಿಂದೆ ಮಷೀನಿನ ಸದ್ದು ಕೇಳಿಸುತ್ತಿತ್ತು.

"ಯಕ್ಕಾ, ಕೈ ಸೋತು ಬಂದಂಗ ಆಗೈತಿ. ವಾಂತಿ ಬ್ಯಾರೆ ಆತು ಈಗ."

"ಎಡಗೈಯೇನು?"

"ಎರಡೂ."

ಎರಡೂ ಕೈ ಎಂದದ್ದಕ್ಕೆ ನನಗೆ ಸಮಾಧಾನವಾಯಿತು. ಎಡಗೈ ಎಂದಿದ್ದರೆ ಹೆದರುತ್ತಿದ್ದೆನೇನೋ. "ಬಿಸಲಿಗೆ ಆಗೈತಿ. ಓಆರ್‌ಎಸ್ ಕಲಸಿ ಕುಡಿ, ಗಿರಣಿ ಬಂದ್ ಮಾಡಿ ಮಲಕ್ಕೋ. ಸಂಜಿಕೆ ಇಲ್ಲಿಗೆ ಬಂದುಬಿಡು, ತೋರಿಸಿಬಿಡೂಣು."

"ಇನ್ನ ನಾಕ ಮಂದೀದು ಪಾಳಿ ಐತಿ. ಅಷ್ಟು ಮುಗಿಸಿ ಮಲಕ್ಕೋತೀನಿ."

ನಾಲ್ಕರ ಹೊತ್ತಿಗೆ ಮಾಮನ ಫೋನ್ ಬಂತು. ಖಾರದ ಮಷೀನಿನ ಪಕ್ಕದಲ್ಲಿ ಅವಳು ಕೂತುಬಿಟ್ಟಿದ್ದಳಂತೆ. ಕೂತವಳು ಏಳಲಿಲ್ಲ. ಪಾಳಿಗೆ ನಿಂತ ಹೆಂಗಸರೇ ಎತ್ತಿ ಹೊರಗೆ ತಂದಿದ್ದರು. ಅದೇ ಪಕ್ಕದ ಮನೆಯವರ ಕಾರು. ಈ ಸಲವೂ ಗಾಲಿಕುರ್ಚಿ ತೆಗೆದುಕೊಂಡು ಬಾಗಿಲಲ್ಲಿ ನಿಂತಿದ್ದೆ.

ಅವಳ ಇಸಿಜಿ ನಾನೇ ತೆಗೆದೆ. ಮೈಯೆಲ್ಲ ಬೆವರು, ಬಟ್ಟಲುಗಳು ಎದೆಗೆ ಅಂಟುತ್ತಿರಲಿಲ್ಲ, ಜಾರುತ್ತಿದ್ದವು. ಅವಳ ಕುತ್ತಿಗೆಯ ಮಡಿಕೆಯಲ್ಲಿ ಕೆಂಪು ಖಾರ ಇತ್ತು. ಒರೆಸಿ, ಮತ್ತೆ ಒತ್ತಿ ಹಿಡಿದು ಗುಂಡಿ ಒತ್ತಿದೆ. ಕಾಗದ ಹೊರಗೆ ಬರುತ್ತ ಬಂದಂತೆ ಗೆರೆಗಳು ದಿಬ್ಬದ ಹಾಗೆ ಎದ್ದು ನಿಂತಿದ್ದು ಕಾಣಿಸಿತು. ನನಗೆ ಡಾಕ್ಟರು ಓದಿ ಹೇಳುವುದು ಬೇಕಿರಲಿಲ್ಲ. ಕಾಗದ ಹರಿದು ಅವರ ಕೈಗೆ ಕೊಟ್ಟೆ. ಅವರು ನೋಡಿದರು, ನನ್ನ ಮುಖ ನೋಡಲಿಲ್ಲ. "ಗುಳಿಗಿ ತರ್ರಿ, ಆಂಬುಲೆನ್ಸ್ ಕರೀರಿ" ಎಂದು ಕೂಗಿದರು.

ಗುಳಿಗೆ ಅಗಿಯಲು ಕೊಟ್ಟರು, ಇಂಜೆಕ್ಷನ್ ಹಾಕಿದರು, ಆಕ್ಸಿಜನ್ ಹಚ್ಚಿದರು. ಕೊಪ್ಪಳಕ್ಕೆ ಹೊರಟೆವು. ಆಂಬುಲೆನ್ಸಿನಲ್ಲಿ ನಾನು ಅವಳ ಕೈ ಹಿಡಿದು ಕೂತಿದ್ದೆ. ಅವಳಿಗೆ ಎಚ್ಚರವಿತ್ತು. ಮಾಸ್ಕು ಸರಿಸಿ ಏನೋ ಹೇಳಿದಳು. ಬಾಗಿ ಕೇಳಿದೆ.

"ಅವರ ಹೊಟ್ಟಿ ಗುಳಿಗಿ ಗಡಿಯಾರದ ಹಿಂದ ಇಟ್ಟೀನಿ. ನೆಪ್ಪ ಮಾಡಿ ಕೊಡು. ಅವರು ತೊಗೊಳಂಗಿಲ್ಲ."

"ನೀ ಸುಮ್ಮನ ಇರವಾ, ಮಾತಾಡಬ್ಯಾಡ" ಎಂದೆ. ಅವಳು ಸುಮ್ಮನಾದಳು. ಅದು ನನಗೆ ಅವಳು ಆಡಿದ ಕೊನೆಯ ಮಾತಾಯಿತು. ಸುಮ್ಮನಿರು ಎಂದು ಹೇಳಿದವಳೂ ನಾನೇ.

ಕೊಪ್ಪಳದಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಇಂಜೆಕ್ಷನ್ ಹಾಕಿದರು. ಆದರೆ ನೋವು ಶುರುವಾಗಿ ತಾಸುಗಟ್ಟಲೆ ಕಳೆದುಹೋಗಿತ್ತು. ಸ್ವಲ್ಪ ಚೇತರಿಸಿಕೊಂಡರೆ ಹುಬ್ಬಳ್ಳಿಗೆ ಕಳಿಸೋಣ ಎಂದರು. ಚೇತರಿಸಿಕೊಳ್ಳಲಿಲ್ಲ. ಮಾರನೆಯ ದಿನ ಬೆಳಿಗ್ಗೆ ಅಲ್ಲಿಯ ಡಾಕ್ಟರು ನನ್ನನ್ನು ಪಕ್ಕದ ಕೋಣೆಗೆ ಕರೆದರು. ನನ್ನ ವಯಸ್ಸಿನವರೇ, ಹೆಣ್ಣುಮಗಳು. ನಾನು ಇಸಿಜಿ ಕೆಲಸದವಳೆಂದು ಯಾರೋ ಹೇಳಿದ್ದರು. ಕೂರಿಸಿ, ಒಂದು ಹಾಳೆ ಇಟ್ಟುಕೊಂಡು ಕೇಳತೊಡಗಿದರು.

"ಬಸಿರಿದ್ದಾಗ ಬಿಪಿ ಏರಿತ್ತೇನ್ರಿ?"

ಏರಿತ್ತು. ಎರಡನೇ ಸಲ ತವರಿಗೆ ಬಂದಾಗ ಮುಖ, ಕಾಲು ಬಾತಿದ್ದವು. ಕಣ್ಣು ಮಂಜಾಗುತ್ತದೆ ಎನ್ನುತ್ತಿದ್ದಳು. ಗಂಗಾವತಿಯಲ್ಲಿ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ಮಗು ಅಂಗೈಯಷ್ಟಿತ್ತು.

"ಆಮ್ಯಾಲೆ ಬಿಪಿ ನೋಡಿಸ್ತಿದ್ರೇನು?"

ಇಲ್ಲ. ಹೆರಿಗೆಯಾಯಿತು, ಬಾವು ಇಳಿಯಿತು, ಮರೆತೆವು.

"ಮುಟ್ಟು ಬರ್ತಿತ್ತೇನ್ರಿ?"

ನಾನು ತಲೆ ತಗ್ಗಿಸಿದೆ. ಇಪ್ಪತ್ತೊಂಬತ್ತಕ್ಕೆ ಗರ್ಭಚೀಲ ತೆಗೆಸಿದ್ದೆವು. ಮುಟ್ಟು ಬಹಳ ಹೋಗುತ್ತಿತ್ತು, ಗಿರಣಿಯಲ್ಲಿ ನಿಲ್ಲಲು ಆಗುತ್ತಿರಲಿಲ್ಲ. ಮಕ್ಕಳಾಗಿವೆ, ತೆಗೆಸಿಬಿಡಿ, ಕಿರಿಕಿರಿ ತಪ್ಪುತ್ತದೆ ಎಂದು ಒಂದು ಆಸ್ಪತ್ರೆಯಲ್ಲಿ ಹೇಳಿದ್ದರು. ನಮ್ಮ ಕಡೆ ಓಣಿಗೆ ನಾಲ್ಕು ಜನ ಹಾಗೆ ತೆಗೆಸಿಕೊಂಡವರಿದ್ದಾರೆ. ಆಪರೇಷನ್ನಿಗೆ ಜೊತೆಗೆ ಹೋದವಳು ನಾನು. ಸಹಿ ಮಾಡಲು ಮಾಮ ಹಿಂದುಮುಂದು ನೋಡಿದಾಗ "ಏನೂ ಆಗಂಗಿಲ್ಲ, ಮಾಡ್ರಿ ಮಾಮಾ" ಎಂದವಳೂ ನಾನು.

"ಅಂಡಾಶಯ ಸೈತ ತೆಗೆದಿದ್ರೇನು?"

"ಹೌದ್ರಿ, ಎರಡೂ."

ಅವರು ಬರೆಯುವುದನ್ನು ನಿಲ್ಲಿಸಿದರು. ಆಪರೇಷನ್ ಆದ ವರ್ಷ ತಂಗಿ ಮೈಯೆಲ್ಲ ಬೆಂಕಿ ಹೊತ್ತಿದಂತಾಗುತ್ತದೆ ಎಂದು ಮಾಗಿಯ ಚಳಿಯಲ್ಲೂ ಅಂಗಳದಲ್ಲಿ ಹೋಗಿ ಕೂರುತ್ತಿದ್ದಳು. ನಾವು ಅವಳಿಗೆ ಈಗಲೇ ಮುದುಕಿಯಾದಿ ಎಂದು ಚೇಷ್ಟೆ ಮಾಡುತ್ತಿದ್ದೆವು.

ಡಾಕ್ಟರಮ್ಮ ಬಿಡಿಸಿ ಹೇಳಿದರು. ಸಣ್ಣ ವಯಸ್ಸಿನ ಹೆಂಗಸರಿಗೆ ಹೃದಯಾಘಾತ ಆಗುವುದು ಕಡಿಮೆ ನಿಜ, ಆದರೆ ಆಗುವುದೇ ಇಲ್ಲ ಎಂದಲ್ಲ. ಬಸಿರಿನಲ್ಲಿ ಬಿಪಿ ಏರಿದವರು, ಬಸಿರಿನಲ್ಲಿ ಸಕ್ಕರೆ ಬಂದವರು, ಬೇಗ ಮುಟ್ಟು ನಿಂತವರು, ಅಂಡಾಶಯ ತೆಗೆಸಿಕೊಂಡವರು, ಇವರಿಗೆ ಅಪಾಯ ಹೆಚ್ಚು. ಇವರನ್ನು ವಯಸ್ಸು ನೋಡಿ ಅಳೆಯಬಾರದು, ಇಂಥವನ್ನೆಲ್ಲ ಕೇಳಿ ಅಳೆಯಬೇಕು. ನೋವೂ ಎದೆಯಲ್ಲೇ ಬರಬೇಕೆಂದಿಲ್ಲ. ಕೆಲಸ ಮಾಡಿದರೆ ಏರಿ, ಕೂತರೆ ಇಳಿಯುವ ಬಿಗಿತ, ದವಡೆ, ಬೆನ್ನು ಎಲ್ಲಿ ಬಂದರೂ ಅನುಮಾನ ಪಡಬೇಕು.

"ಮೇಡಂ, ಆವತ್ತು ನಾ ಇಸಿಜಿ ತೆಗೆದಿದ್ರ ಗೊತ್ತಾಗತಿತ್ತೇನ್ರಿ?" ಬೆಂಚಿನ ಮೇಲೆ ತಂಗಿ ಹೇಳಿದ್ದನ್ನೆಲ್ಲ ಅವರಿಗೆ ತಿಳಿಸಿ ಕೇಳಿದೆ.

ಅವರು ಹಾಳೆಯನ್ನು ಬದಿಗಿಟ್ಟರು. "ಆಗತಿತ್ತೋ ಇಲ್ಲೋ. ಕುಂತಾಗ ಇಸಿಜಿ ಸರಿ ಬರಬಹುದಿತ್ತು. ಸರಿ ಐತಿ ಅಂತ ಮನಿಗೆ ಕಳಿಸಿದ್ರೂ ಕಳಿಸಬಹುದಿತ್ತು. ಅಕಿ ಬಾಯಲೇ ಹೇಳಿದ್ಲಲ್ರೀ, ಡಬ್ಬಿ ಎತ್ತಿದ್ರ ಬರತೈತಿ ಅಂತ. ಅದನ್ನ ಕೇಳಿಸಿಕೊಂಡಿದ್ರ ಗೊತ್ತಾಗತಿತ್ತು."

ಆ ದಿನ ಹನ್ನೊಂದು ಗಂಟೆಗೆ ತಂಗಿ ತೀರಿಕೊಂಡಳು. ಹಾಸ್ಟೆಲ್ಲಿನಿಂದ ದೊಡ್ಡ ಮಗಳು ಬಂದು ಮುಟ್ಟಿದ್ದು ಅರ್ಧ ತಾಸು ತಡವಾಗಿ. ಅದೇ ಊರಿನಲ್ಲಿದ್ದಳು, ವರ್ಷದ ಪರೀಕ್ಷೆಗಳು ನಡೆದಿದ್ದವು. ಪರೀಕ್ಷೆ ಮುಗಿದ ಮೇಲೆ ಹೇಳೋಣ ಎಂದು ನಾವೇ ತಡೆದಿದ್ದೆವು.

ಮಣ್ಣು ಮಾಡಿ ಬಂದ ಮೇಲೆ ಮಾಮ ಗಿರಣಿಯ ಕಟ್ಟೆಯ ಮೇಲೆ ಕೂತರು. ಯಾರು ಬಂದರೂ ಒಂದೇ ಮಾತು ಹೇಳುತ್ತಿದ್ದರು. "ನನಗ ಬಂದದ್ದು ಅಕಿಗೆ ಹೋತು. ನನ್ನದು ಅಕಿ ತೊಗೊಂಡ್ಲು." ಬಂದ ಹೆಂಗಸರು ಕಣ್ಣೊರೆಸಿಕೊಂಡು ಹೌದು ಹೌದು, ಮುತ್ತೈದೆಯಾಗಿ ಹೋದಳು, ಪುಣ್ಯವಂತೆ ಎನ್ನುತ್ತಿದ್ದರು. ಮೂರನೇ ದಿನ ನನಗೆ ತಡೆಯಲಾಗಲಿಲ್ಲ.

"ಮಾಮಾ, ನಿಮ್ಮದು ಅಕಿಗೆ ಹೋಗಿಲ್ಲ. ಅಕೀದು ಅಕಿಗೇ ಇತ್ತು. ನಿಮಗಿಂತ ನಾಕ ದಿನ ಮೊದಲಿಂದ ಇತ್ತು" ಎಂದುಬಿಟ್ಟೆ.

ಅವರು ನನ್ನನ್ನು ನೋಡಿದರು. ಆಮೇಲೆ ನೆಲ ನೋಡಿದರು. ಆ ಮಾತು ಮತ್ತೆ ಯಾರ ಮುಂದೆಯೂ ಆಡಲಿಲ್ಲ. ಅವರು ಹಿಡಿದುಕೊಂಡಿದ್ದ ಒಂದೇ ಸಮಾಧಾನವನ್ನೂ ನಾನು ಕಿತ್ತುಕೊಂಡೆ ಎಂದು ಆಮೇಲೆ ಅನ್ನಿಸಿದೆ. ಆದರೆ ಸುಳ್ಳು ಪುಣ್ಯದ ಹೆಸರಲ್ಲಿ ಅವಳ ನೋವನ್ನು ಇನ್ನೊಮ್ಮೆ ಅಳಿಸಿಹಾಕುವುದನ್ನು ಕೇಳುತ್ತ ಕೂರಲು ನನ್ನಿಂದ ಆಗಲಿಲ್ಲ.

ಗಿರಣಿ ಎರಡು ತಿಂಗಳು ಮುಚ್ಚಿತ್ತು. ಊರಿಗೆ ಬೇರೆ ಗಿರಣಿಯಿಲ್ಲ. ಜನ ಡಬ್ಬಿ ಕಟ್ಟಿಕೊಂಡು ಬಸ್ಸಿನಲ್ಲಿ ಯಲಬುರ್ಗಾಕ್ಕೆ ಹೋಗುತ್ತಿದ್ದರು. ಯಾರೂ ಮಾಮನಿಗೆ ತೆಗೆ ಎಂದು ಹೇಳಲಿಲ್ಲ. ಮುಂಗಾರು ಬಿತ್ತನೆ ಶುರುವಾದಾಗ ಅವರೇ ತೆಗೆದರು. ಖಾರದ ಮಷೀನನ್ನು ಮಾತ್ರ ಮಾರಿಬಿಟ್ಟರು.

ನಾನು ಹದಿನೈದು ದಿನಕ್ಕೆ ಕೆಲಸಕ್ಕೆ ಮರಳಿದೆ. ಡಾಕ್ಟರು ಕೆಲಸದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಒಂದು ಮಧ್ಯಾಹ್ನ ಪೇಷಂಟುಗಳಿಲ್ಲದ ಹೊತ್ತಿನಲ್ಲಿ ಅವರು ನನ್ನ ಕೋಣೆಯ ಬಾಗಿಲಿಗೆ ಬಂದು ನಿಂತರು. ಹದಿನೈದು ವರ್ಷಗಳಲ್ಲಿ ನನ್ನನ್ನು ಕರೆಸಿಕೊಂಡಿದ್ದಾರೆ ಹೊರತು ಹಾಗೆ ಬಂದು ನಿಂತವರಲ್ಲ.

"ಆವತ್ತು ನಾ ನಕ್ಕಿದ್ದೆ ಅಲ್ಲಾ" ಎಂದರು.

"ನಾನೂ ನಕ್ಕಿದ್ದೆ ಸರ್."

"ನೀವು ಹೆಂಗರ ನಗ್ರಿ. ನಾ ಡಾಕ್ಟರ ಅದೀನಿ." ಸ್ವಲ್ಪ ಹೊತ್ತು ಮಷೀನನ್ನು ನೋಡುತ್ತ ನಿಂತರು. "ವಯಸ್ಸು ಕೇಳಿದೆ, ಮುಗೀತು. ಅಕಿ ಏನ ಮಾಡಿದ್ರ ನೋವು ಬರತೈತಿ ಅಂತ ಕೇಳಲಿಲ್ಲ." ಅವರ ಕಣ್ಣು ಕೆಂಪಾಗಿದ್ದವು. ನನಗೆ ಅವರ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಕೂತುಕೊಳ್ಳಿ ಎಂದು ಹೇಳಲೂ ತೋಚಲಿಲ್ಲ. ಅವರು ಹೊರಟುಹೋದರು.

ಅವತ್ತಿನಿಂದ ಎದೆನೋವೆಂದು ಬಂದ ಹೆಂಗಸರನ್ನು ನಾನು ಕೇಳುತ್ತೇನೆ. ಬಟ್ಟಲು ಹಚ್ಚುತ್ತಲೇ ಕೇಳುತ್ತೇನೆ. ಬಸಿರಿದ್ದಾಗ ಬಿಪಿ ಇತ್ತೇನವಾ? ಗರ್ಭಚೀಲ ಐತೋ, ತೆಗೆಸೀಯೋ? ನಡೆದರ ನೋವು ಬರತೈತೋ, ಕುಂತರ ಬರತೈತೋ? ಉತ್ತರಗಳನ್ನು ಇಸಿಜಿ ಕಾಗದದ ಹಿಂದೆ ಪೆನ್ನಿನಿಂದ ಬರೆದು ಒಳಗೆ ಕಳಿಸುತ್ತೇನೆ. ಡಾಕ್ಟರು ಈಗ ಕಾಗದವನ್ನು ತಿರುಗಿಸಿ ನೋಡುತ್ತಾರೆ.

ಎಲ್ಲರಿಗೂ ಇದು ಹಿಡಿಸುವುದಿಲ್ಲ. ಕಳೆದ ದೀಪಾವಳಿಯ ಸುಮಾರಿಗೆ ದಾಳಿಂಬೆ ತೋಟದಲ್ಲಿ ಕೂಲಿ ಮಾಡುವ ಒಬ್ಬ ಹೆಣ್ಣುಮಗಳು ಬಂದಿದ್ದಳು. ಮೂವತ್ತೆರಡೋ ಮೂವತ್ತಮೂರೋ. ಬುಟ್ಟಿ ಹೊತ್ತರೆ ಬೆನ್ನು ಹಿಡಿಯುತ್ತದೆ ಎಂದಳು. ಗರ್ಭಚೀಲ ತೆಗೆಸಿದ್ದಳು. ಇಸಿಜಿ ಸರಿಯಿತ್ತು. ನಾನು ಬಿಡಲಿಲ್ಲ. ಡಾಕ್ಟರಿಗೆ ಹೇಳಿ ರಕ್ತಪರೀಕ್ಷೆ ಮಾಡಿಸಿ, ಸಂಜೆಯವರೆಗೆ ಕೂರಿಸಿ, ಮರುದಿನ ಕೊಪ್ಪಳಕ್ಕೂ ಕಳಿಸಿದೆ. ಏನೂ ಇರಲಿಲ್ಲ, ಬೆನ್ನಿನ ನರ ಹಿಡಿದುಕೊಂಡಿತ್ತು. ವಾರದ ನಂತರ ಅವಳು ಬಸ್‌ ಸ್ಟ್ಯಾಂಡಿನಲ್ಲಿ ಸಿಕ್ಕಳು. "ಸುಮ್ಮಸುಮ್ಮನ ಎರಡ ದಿನ ಓಡ್ಯಾಡಿಸಿದ್ರಿ ನೋಡ್ರಿ ಅಕ್ಕಾರ. ತೋಟದಾಗ ನನ್ನ ಜಾಗಾಕ್ಕ ಬ್ಯಾರೇದಾಕಿನ್ನ ತೊಗೊಂಡಾರ" ಎಂದು ಮುಖ ಗಂಟು ಹಾಕಿಕೊಂಡಳು. ಬಸ್ಸು ಬಂತು, ಅವಳು ಹತ್ತಿ ಹೋದಳು. ಸೀಟು ಸಿಗದೆ ಕಂಬಿ ಹಿಡಿದು ನಿಂತಿದ್ದು ಕಿಟಕಿಯಲ್ಲಿ ಕಂಡಿತು. ಗಟ್ಟಿಮುಟ್ಟಾಗಿದ್ದಳು. ಬಸ್ಸು ತಿರುಗುವವರೆಗೂ ನೋಡುತ್ತ ನಿಂತೆ.

ಅವ್ವ ಮಾತ್ರ ತಂಗಿಯ ವಿಷಯ ಎತ್ತುತ್ತಿರಲಿಲ್ಲ. ಆನೆಗೊಂದಿಯಲ್ಲಿ ಅಣ್ಣ, ಅತ್ತಿಗೆ, ಅವರ ಮಕ್ಕಳ ಜೊತೆ ಇದ್ದಾಳೆ. ಫೋನಿನಲ್ಲಿ ತಮ್ಮನ ಹೊಟ್ಟೆ ಹೇಗಿದೆ, ಮೊಮ್ಮಕ್ಕಳು ಉಂಡರೋ ಎಂದಷ್ಟೇ ಕೇಳುತ್ತಿದ್ದಳು. ಆಕೆಗೆ ಸಿಟ್ಟಿದೆ, ಇಸಿಜಿ ತೆಗೆಯುವ ಮಗಳಿದ್ದೂ ಇನ್ನೊಬ್ಬ ಮಗಳು ಹೋದಳಲ್ಲ ಎಂಬ ಸಿಟ್ಟಿದೆ ಎಂದು ನಾನು ಅಂದುಕೊಂಡಿದ್ದೆ. ಆಕೆಯ ಎದುರು ಹೋಗಿ ಕೂರಲು ಹೆದರಿ ತವರಿಗೆ ಹೋಗುವುದನ್ನೇ ಮುಂದೆ ಹಾಕುತ್ತಿದ್ದೆ.

ವರ್ಷದ ತಿಥಿಯನ್ನು ಆನೆಗೊಂದಿಯಲ್ಲೇ ಇಟ್ಟುಕೊಂಡಿದ್ದರು, ಅದು ಹತ್ತಿರ ಬಂದಾಗ ಹೋಗಲೇಬೇಕಾಯಿತು. ಅತ್ತಿಗೆ ಬಾಳೆನಾರಿನ ಬುಟ್ಟಿ ಹೆಣೆಯುವ ಕೆಲಸಕ್ಕೆ ಹೋಗಿದ್ದಳು, ಅಣ್ಣ ಗದ್ದೆಯಲ್ಲಿದ್ದ. ಅವ್ವ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನೂ ಒಂದು ಮೊರ ತೆಗೆದುಕೊಂಡು ಎದುರಿಗೆ ಕೂತೆ. ಬಹಳ ಹೊತ್ತು ಇಬ್ಬರೂ ಕಲ್ಲು ಹುಡುಕಿದೆವು.

"ಅಕಿಗೆ ಭಾಳ ನೋವಾಗಿತ್ತೇನು?" ಎಂದಳು ಅವ್ವ, ತಲೆ ಎತ್ತದೆ.

ಸುಳ್ಳು ಹೇಳಬಹುದಿತ್ತು. "ಆಗಿತ್ತು ಬೇ" ಎಂದೆ. ಆಮೇಲೆ ತಡೆಯದೆ ಎಲ್ಲ ಹೇಳಿದೆ. ಬೆಂಚಿನ ಮೇಲೆ ಅವಳು ಹೇಳಿದ್ದು, ನಾನು ನಕ್ಕದ್ದು, ಸೋಡಾ ಕುಡಿಸಿದ್ದು, ಫೋನಿನಲ್ಲಿ ಎಡಗೈಯೇನು ಎಂದು ಕೇಳಿದ್ದು. ಹೇಳಿ ಮುಗಿಸಿ, ಆಕೆ ಬೈಯಲಿ ಎಂದು ಕಾದೆ.

ಅವ್ವ ಮೊರ ಕೆಳಗಿಟ್ಟಳು. "ನನಗೂ ಹೇಳಿದ್ಲು" ಎಂದಳು.

"ಯಾವಾಗ?"

"ಆವತ್ತ. ನಿನ್ನ ಮಾಮನ್ನ ಕರಕೊಂಡು ಬಂದಿದ್ರಲ್ಲಾ, ಆವತ್ತ ಸಂಜಿಕೆ ಫೋನ್ ಹಚ್ಚಿದ್ದೆ. ತಮ್ಮ ಹೆಂಗದಾನ ಅಂತ ಕೇಳಾಕ. ಛಲೋ ಅದಾರಬೇ ಅಂದ್ಲು. ಆಮ್ಯಾಲೆ, ಯವ್ವಾ ನನಗ ಎದಿ ಒತ್ತಿದಂಗ ಆಗತೈತಿ ಅಂದ್ಲು." ಅವ್ವ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಾ ಏನಂದೆ ಗೊತ್ತೈತೇನು? ಮೊದಲ ಗಂಡನ್ನ ನೋಡಿಕೋ, ನಿನ್ನದು ಆಮ್ಯಾಲೆ ನೋಡಿದ್ರಾತು ಅಂದೆ. ಹೂಂ ಅಂದ್ಲು. ಫೋನ್ ಇಟ್ಲು."

ಒಂದು ವರ್ಷ ಆಕೆ ಅದನ್ನು ಒಳಗೇ ಇಟ್ಟುಕೊಂಡಿದ್ದಳು. ನಾನು ಆಕೆಯ ಸಿಟ್ಟೆಂದು ತಿಳಿದು ಹೆದರಿದ್ದು ಈ ಸಂಕಟಕ್ಕೆ. ನಾನು ಎದ್ದು ಹೋಗಿ ಪಕ್ಕದಲ್ಲಿ ಕೂತೆ. ಆಕೆ ಅಳಲಿಲ್ಲ. ನನ್ನ ಮಣಿಕಟ್ಟು ಹಿಡಿದುಕೊಂಡು ಹಿಂದುಮುಂದು ತೂಗುತ್ತ ಕೂತಳು.

ಸ್ವಲ್ಪ ಹೊತ್ತಿನ ಮೇಲೆ, "ನಿನ್ನ ಮಾಮಗೂ ಹೇಳಿರಬೇಕಲ್ಲ ಅಕಿ?" ಎಂದು ಕೇಳಿದಳು.

ಹೇಳಿರಬಹುದು. ಒಂದೇ ಮನೆಯಲ್ಲಿದ್ದವಳು, ಎಂಟು ದಿನ. ಮಾಮ ಏನೆಂದರೋ ನಮಗೆ ಗೊತ್ತಿಲ್ಲ. ತಿಥಿಯ ದಿನ ಅವರು ಮಕ್ಕಳಿಬ್ಬರನ್ನು ಕರೆದುಕೊಂಡು ಬಂದರು, ಅವ್ವ ಬಡಿಸಿದಳು, ಅವರು ತಲೆ ಬಗ್ಗಿಸಿ ಉಂಡರು. ನಾನಾಗಲಿ ಅವ್ವನಾಗಲಿ ಕೇಳಲಿಲ್ಲ.